ಕಾರ್ಟೂನ್ ಸಿಂಹ ಕಟಕಟೆ ಹತ್ತಿದಾಗ: ಬಾಲ್ಯದ ಪ್ರಾಣಿಗಳು ರಾಜಕೀಯ ಕಿರುಕುಳದ ಕಥೆ ಹೇಳಿದ್ದು ಹೇಗೆ?

ವಸಂತ್ ಕುಂಜ್ (ನವದೆಹಲಿ): ಟಾಮ್ ಅಂಡ್ ಜೆರ್ರಿ ನೋಡದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ಬೆಕ್ಕು-ಇಲಿಯನ್ನು ಸೃಷ್ಟಿಸಿದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಜೋಡಿಯೇ 1957ರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿ ಟಿವಿಗಾಗಿ ಪ್ರಾಣಿಗಳ ದೊಡ್ಡ ದಂಡನ್ನೇ ತಯಾರಿಸಿತು. ಯೋಗಿ ಬೇರ್ ಎಂಬ ಕರಡಿ, ಹಕಲ್‌ಬೆರಿ ಹೌಂಡ್ ಎಂಬ ನೀಲಿ ನಾಯಿ, ಕ್ವಿಕ್ ಡ್ರಾ ಮೆಗ್ರಾ ಎಂಬ ಪೊಲೀಸ್ ಕುದುರೆ ಮತ್ತು ಸ್ನ್ಯಾಗಲ್‌ಪುಸ್ ಎಂಬ ಗುಲಾಬಿ ಬಣ್ಣದ ಬೆಟ್ಟದ ಸಿಂಹ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಶಾಲೆಯಿಂದ ಬಂದು ಬ್ಯಾಗ್ ಬಿಸಾಡಿ ಟಿವಿ ಮುಂದೆ ಕೂತ ಮಕ್ಕಳಿಗೆ ಇವರೆಲ್ಲ ಪರಿಚಯವಾದರು.

ಅದೇ ಸಿಂಹವನ್ನು ಸರ್ಕಾರಿ ವಿಚಾರಣಾ ಸಮಿತಿ ಮುಂದೆ ಕೂರಿಸಿ, 'ನಿನ್ನ ಗೆಳೆಯರ ಹೆಸರು ಹೇಳು' ಎಂದು ಕೇಳಿದರೆ ಹೇಗಿರುತ್ತದೆ?

2018ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಮಾಡಿದ್ದು ಇದನ್ನೇ. ಮಾರ್ಕ್ ರಸೆಲ್ ಬರೆದು, ಮೈಕ್ ಫೀಹನ್ ಚಿತ್ರ ಬಿಡಿಸಿದ 'ಎಕ್ಸಿಟ್ ಸ್ಟೇಜ್ ಲೆಫ್ಟ್: ದಿ ಸ್ನ್ಯಾಗಲ್‌ಪುಸ್ ಕ್ರಾನಿಕಲ್ಸ್' ಆರು ಸಂಚಿಕೆಗಳ ಸರಣಿ. ಜನವರಿಯಿಂದ ಜೂನ್‌ವರೆಗೆ ತಿಂಗಳಿಗೊಂದರಂತೆ ಬಂತು. ಹೆಸರು ಕೇಳಿದರೆ ತಮಾಷೆ ಅನ್ನಿಸುತ್ತದೆ. ಓದಿ ಮುಗಿಸಿದ ಮೇಲೆ ಆ ಭಾವನೆ ಉಳಿಯುವುದಿಲ್ಲ.

ಯಾರು ಈ ಸ್ನ್ಯಾಗಲ್‌ಪುಸ್?

ಮೂಲ ಕಾರ್ಟೂನ್‌ನಲ್ಲಿ ಸ್ನ್ಯಾಗಲ್‌ಪುಸ್ ಒಬ್ಬ ನಾಟಕೀಯ ಮಾತುಗಾರ. ಗುಹೆಯಲ್ಲಿ ವಾಸ, ಆದರೆ ಗತ್ತು ಮಾತ್ರ ಷೇಕ್ಸ್‌ಪಿಯರ್ ನಾಟಕದ ನಟನದ್ದು. ತೊಂದರೆ ಎದುರಾದ ಕೂಡಲೇ 'ರಂಗದ ಎಡಬದಿಯಿಂದ ನಿರ್ಗಮನ' ಎಂದು ರಂಗಸೂಚನೆಯನ್ನು ತಾನೇ ಘೋಷಿಸಿ ಓಟ ಕೀಳುವುದು ಅವನ ಅಭ್ಯಾಸ. 1959ರಲ್ಲಿ ಕ್ವಿಕ್ ಡ್ರಾ ಮೆಗ್ರಾ ಕಾರ್ಯಕ್ರಮದಲ್ಲಿ ಮೊದಲು ಕಾಣಿಸಿಕೊಂಡ ಈ ಪಾತ್ರಕ್ಕೆ 1961ರಲ್ಲಿ ಯೋಗಿ ಬೇರ್ ಷೋನಲ್ಲಿ ತನ್ನದೇ ಭಾಗ ಸಿಕ್ಕಿತು. ಧ್ವನಿ ಕೊಟ್ಟವರು ಡಾಸ್ ಬಟ್ಲರ್. 'ವಿಜಾರ್ಡ್ ಆಫ್ ಆಜ್' ಸಿನಿಮಾದ ಪುಕ್ಕಲು ಸಿಂಹದ ಪಾತ್ರಧಾರಿ ಬರ್ಟ್ ಲಾರ್ ಅವರ ದನಿಗೆ ಅದು ಎಷ್ಟು ಹತ್ತಿರವಿತ್ತೆಂದರೆ, ಜಾಹೀರಾತಿನಲ್ಲಿ 'ಇದು ಡಾಸ್ ಬಟ್ಲರ್ ಧ್ವನಿ' ಎಂದು ಬರೆಯಬೇಕಾಯಿತು.

ಇಲ್ಲೊಂದು ಸ್ವಾರಸ್ಯ. ಹ್ಯಾನಾ-ಬಾರ್ಬೆರಾ ಪ್ರಾಣಿಗಳೆಲ್ಲ ಕೊರಳಿಗೆ ಕಾಲರ್ ಅಥವಾ ಟೈ ಹಾಕಿಕೊಂಡಿರುವುದನ್ನು ಗಮನಿಸಿದ್ದೀರಾ? ಅದು ಫ್ಯಾಷನ್ ಅಲ್ಲ, ಉಳಿತಾಯ. ಟಿವಿಯವರು ಕೊಡುತ್ತಿದ್ದ ಹಣ ಕಡಿಮೆ. ಕೊರಳಲ್ಲಿ ಒಂದು ಗೆರೆ ಇದ್ದರೆ ದೇಹವನ್ನು ಹಾಗೇ ಬಿಟ್ಟು ತಲೆಯನ್ನಷ್ಟೇ ಮತ್ತೆ ಮತ್ತೆ ಬಿಡಿಸಬಹುದು, ಜೋಡಣೆ ಕಾಣುವುದಿಲ್ಲ. ಆ ಬಡತನದ ಕಾಲರನ್ನೇ ರಸೆಲ್-ಫೀಹನ್ ಜೋಡಿ ನ್ಯೂಯಾರ್ಕ್‌ನ ಸಿರಿವಂತ ನಾಟಕಕಾರನ ಉಡುಪು ಮಾಡಿಬಿಟ್ಟಿತು.

ಕಾಮಿಕ್‌ನಲ್ಲಿ ಏನಾಗುತ್ತದೆ?

(ಕಥೆ ಗೊತ್ತಾಗಬಾರದು ಎನ್ನುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.)

ಕಾಲ 1953. ಜಾಗ ನ್ಯೂಯಾರ್ಕ್. ಮನುಷ್ಯರೂ ಮಾತಾಡುವ ಪ್ರಾಣಿಗಳೂ ಒಂದೇ ಬೀದಿಯಲ್ಲಿ ಬದುಕುತ್ತಿದ್ದಾರೆ. ಅದನ್ನು ಯಾರೂ ವಿಚಿತ್ರ ಎಂದುಕೊಳ್ಳುವುದಿಲ್ಲ, ಕಾಮಿಕ್ ವಿವರಣೆಯನ್ನೂ ಕೊಡುವುದಿಲ್ಲ. ಸ್ನ್ಯಾಗಲ್‌ಪುಸ್ ದಕ್ಷಿಣ ರಾಜ್ಯದ ಹಳ್ಳಿಯಿಂದ ಬಂದು ಬ್ರಾಡ್‌ವೇಯಲ್ಲಿ ಹೆಸರು ಮಾಡಿದ ನಾಟಕಕಾರ. ಓದುವಾಗ ನಿಜ ಜೀವನದ ನಾಟಕಕಾರ ಟೆನ್ನೆಸ್ಸಿ ವಿಲಿಯಮ್ಸ್ ನೆನಪಾಗದೆ ಇರುವುದಿಲ್ಲ. ಲೋಕದ ಕಣ್ಣಿಗೆ ಅವನಿಗೆ ಹೆಂಡತಿ ಇದ್ದಾಳೆ. ಆದರೆ ಅವನು ಸಲಿಂಗಿ. ಪ್ರೀತಿಸುವುದು ಕ್ಯೂಬಾದಿಂದ ಬಂದ ಪಾಬ್ಲೊ ಎಂಬಾತನನ್ನು. ಹೆಂಡತಿಗೆ ಇದು ಗೊತ್ತು, ಇಬ್ಬರೂ ಸೇರಿಯೇ ಈ ತೋರಿಕೆಯ ಸಂಸಾರ ನಡೆಸುತ್ತಿದ್ದಾರೆ.

ಊರಿನ ಗೆಳೆಯ ಹಕಲ್‌ಬೆರಿ ಹೌಂಡ್ ಕಾದಂಬರಿಕಾರ. ಅವನೂ ಸಲಿಂಗಿ, ಗುಟ್ಟು ಹೊರಬಿದ್ದು ಸಂಸಾರ ಕಳೆದುಕೊಂಡು ನ್ಯೂಯಾರ್ಕ್‌ಗೆ ಬಂದವನು. ಇಲ್ಲಿ ಅವನಿಗೆ ಇಷ್ಟವಾಗುವುದು ಕ್ವಿಕ್ ಡ್ರಾ ಮೆಗ್ರಾ. ಆತ ಪೊಲೀಸ್. ಒಂದು ರಾತ್ರಿ ಬಾರ್ ಮೇಲೆ ದಾಳಿ ನಡೆಯುತ್ತದೆ. ತನ್ನ ಮೇಲೆ ಅನುಮಾನ ಬರಬಾರದೆಂದು ಅದೇ ಕುದುರೆ ತನ್ನ ಪ್ರಿಯಕರನಿಗೆ ಲಾಠಿ ಬೀಸುತ್ತಾನೆ. ಹಕಲ್‌ಬೆರಿ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ.

ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅತಿ ಕಷ್ಟದ ಪುಟಗಳು ಇವೇ. ಬಾಲ್ಯದಲ್ಲಿ ನೋಡಿದ ಕುದುರೆ ನಗಿಸುವ ಪೆದ್ದ. ಅದೇ ಮುಖ, ಅದೇ ಟೋಪಿ ಇಲ್ಲಿ ಹೆದರಿದ ಮನುಷ್ಯನೊಬ್ಬ ಎಂಥ ಕೆಲಸಕ್ಕೂ ಇಳಿಯಬಲ್ಲ ಎಂದು ತೋರಿಸುತ್ತದೆ. ಹೊಸ ಪಾತ್ರವೊಂದನ್ನು ತಂದಿದ್ದರೆ ಅವನನ್ನು ಖಳನಾಯಕ ಎಂದು ಮೊದಲೇ ತೀರ್ಮಾನಿಸಿಬಿಡುತ್ತಿದ್ದೆವು. ಪರಿಚಯದ ಮುಖವಾದ್ದರಿಂದ ಹಾಗೆ ತಳ್ಳಿಹಾಕಲು ಆಗುವುದಿಲ್ಲ.

ವಿಚಾರಣಾ ಸಮಿತಿಯ ಪರವಾಗಿ ಬೆನ್ನು ಹತ್ತುವವಳು ಜಿಜಿ ಅಲನ್ ಎಂಬ ಅಧಿಕಾರಿ. ಕೊನೆಗೆ ಸ್ನ್ಯಾಗಲ್‌ಪುಸ್ ಸಮಿತಿ ಎದುರು ತಲೆ ಬಾಗಿಸದೆ ಮಾತಾಡುತ್ತಾನೆ. ಹೆಸರು, ರಂಗಭೂಮಿ, ದುಡಿಮೆ ಎಲ್ಲವೂ ಹೋಗುತ್ತದೆ. ಕಥೆ ಮುಗಿಯುವ ಹೊತ್ತಿಗೆ ಅವನಿಗೆ ಉಳಿಯುವ ಕೆಲಸ ಆಗಷ್ಟೇ ಶುರುವಾಗಿದ್ದ ಟಿವಿ ಕಾರ್ಟೂನ್. ಅಂದರೆ ನಾವು ನೋಡಿ ನಕ್ಕಿದ್ದೆಲ್ಲ ಕೆಲಸ ಕಳೆದುಕೊಂಡ ನಾಟಕಕಾರನೊಬ್ಬನ ಎರಡನೇ ಬದುಕು! ಹೆಸರಿನಲ್ಲಿರುವ 'ಎಡಬದಿ'ಗೆ ಎರಡು ಅರ್ಥ ಇರುವುದು ಆಗ ಹೊಳೆಯುತ್ತದೆ. ರಂಗದ ಎಡವೂ ಹೌದು, ರಾಜಕೀಯದ ಎಡವೂ ಹೌದು.

ಸರಣಿ 2019ರಲ್ಲಿ ಅಮೆರಿಕದ ಗ್ಲಾಡ್ ಸಂಸ್ಥೆಯ ಅತ್ಯುತ್ತಮ ಕಾಮಿಕ್ ಪ್ರಶಸ್ತಿ ಪಡೆಯಿತು. ಕಾಮಿಕ್ಸ್ ಲೋಕದ ಆಸ್ಕರ್ ಎನ್ನಿಸಿಕೊಂಡ ಐಸ್ನರ್ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತ್ತು.

ನಿಜಕ್ಕೂ ನಡೆದದ್ದೇನು?

ಕಾಮಿಕ್‌ನ ಸಮಿತಿ ಕಟ್ಟುಕಥೆಯಲ್ಲ. ಅಮೆರಿಕದ ಸಂಸತ್ತಿನ ಕೆಳಮನೆ 1938ರಲ್ಲಿ 'ಅಮೆರಿಕ ವಿರೋಧಿ ಚಟುವಟಿಕೆ'ಗಳ ತನಿಖೆಗೆಂದು ಒಂದು ಸಮಿತಿ ಮಾಡಿತು. 1945ರಲ್ಲಿ ಅದು ಕಾಯಂ ಆಯಿತು. ಸೋವಿಯತ್ ಒಕ್ಕೂಟದ ಜೊತೆ ಶೀತಲ ಸಮರ ಶುರುವಾದ ಮೇಲೆ ಅದರ ಕಣ್ಣು ಸಿನಿಮಾ, ನಾಟಕ, ಬರಹದವರ ಮೇಲೆ ಬಿತ್ತು. ಸಾಮಾನ್ಯವಾಗಿ ಇದನ್ನೆಲ್ಲ 'ಮೆಕಾರ್ಥಿ ಕಾಲ' ಎನ್ನುತ್ತಾರೆ. ಆದರೆ ಜೋಸೆಫ್ ಮೆಕಾರ್ಥಿ ಮೇಲ್ಮನೆಯ, ಅಂದರೆ ಸೆನೆಟ್‌ನ ಸದಸ್ಯ. ಈ ಸಮಿತಿಯಲ್ಲಿ ಆತ ಇರಲೇ ಇಲ್ಲ. ಬೇಟೆ ಅವನಿಗಿಂತ ಮೊದಲೇ ಶುರುವಾಗಿತ್ತು, ಅವನ ನಂತರವೂ ನಡೆಯಿತು.

ಸಮಿತಿ ಮುಂದೆ ಬಂದವರಿಗೆ ಇದ್ದದ್ದು ಮೂರೇ ದಾರಿ. ಕಮ್ಯುನಿಸ್ಟ್ ಪಕ್ಷದ ಸಭೆಗೆ ಬಂದಿದ್ದ ಗೆಳೆಯರ ಹೆಸರು ಹೇಳಿದರೆ ಪಾರು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಬಳಸಿ ಸುಮ್ಮನಿದ್ದರೆ ಜೈಲಿಲ್ಲ, ಆದರೆ ಮರುದಿನದಿಂದ ಕೆಲಸವೂ ಇಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಲ್ಲಿ ಪ್ರಶ್ನೆಯನ್ನೇ ಪ್ರಶ್ನಿಸಿದರೆ ಸಂಸತ್ತಿನ ನಿಂದನೆ ಆರೋಪ, ಜೈಲು. 1947ರಲ್ಲಿ ಹತ್ತು ಮಂದಿ ಬರಹಗಾರರು, ನಿರ್ದೇಶಕರು ಮೂರನೇ ದಾರಿ ಹಿಡಿದರು. 'ಹಾಲಿವುಡ್ ಟೆನ್' ಎಂದು ಹೆಸರಾದ ಅವರೆಲ್ಲ ಜೈಲು ಸೇರಿದರು.

ಅವರಲ್ಲಿ ಒಬ್ಬರಾದ ಡಾಲ್ಟನ್ ಟ್ರಂಬೊ ಬಿಡುಗಡೆಯಾದ ಮೇಲೂ ಬರೆದರು, ಆದರೆ ಬೇರೆಯವರ ಹೆಸರಲ್ಲಿ. 'ರೋಮನ್ ಹಾಲಿಡೇ' ಚಿತ್ರದ ಕಥೆಗೆ ಬಂದ ಆಸ್ಕರ್ ಇನ್ನೊಬ್ಬ ಬರಹಗಾರನ ಕೈಗೆ ಹೋಯಿತು. ಅಕಾಡೆಮಿ ಆ ಪ್ರಶಸ್ತಿಯನ್ನು ಟ್ರಂಬೊ ಹೆಸರಿಗೆ ಕೊಟ್ಟಿದ್ದು 1993ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 17 ವರ್ಷಗಳೇ ಆಗಿದ್ದವು. ನಮಗೆಲ್ಲ ಚೆನ್ನಾಗಿ ಗೊತ್ತಿರುವ ಚಾರ್ಲಿ ಚಾಪ್ಲಿನ್ 1952ರಲ್ಲಿ ಲಂಡನ್‌ಗೆ ಹೊರಟು ಹಡಗಿನಲ್ಲಿದ್ದಾಗ ಅಮೆರಿಕ ಅವರ ಮರುಪ್ರವೇಶದ ಅನುಮತಿಯನ್ನೇ ರದ್ದು ಮಾಡಿತು. ಕಾಮಿಕ್‌ನಲ್ಲಿ ಪಾತ್ರವಾಗಿ ಬರುವ ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್ ನಿಜ ಜೀವನದಲ್ಲೂ 1952ರಲ್ಲಿ ಸಮಿತಿಗೆ ಪತ್ರ ಬರೆದು, ತನ್ನ ಬಗ್ಗೆ ಏನು ಬೇಕಾದರೂ ಹೇಳುತ್ತೇನೆ, ಬೇರೆಯವರ ಬಗ್ಗೆ ಹೇಳುವುದಿಲ್ಲ ಎಂದಿದ್ದರು.

ಸಲಿಂಗಿಗಳ ಕಥೆ ಇನ್ನೂ ಕಡಿಮೆ ಗೊತ್ತಿರುವಂಥದ್ದು. 1953ರ ಏಪ್ರಿಲ್ 27ರಂದು ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೇ ಸಂಖ್ಯೆಯ ಆದೇಶವು 'ಲೈಂಗಿಕ ವಿಕೃತಿ'ಯನ್ನು ಸರ್ಕಾರಿ ಕೆಲಸಕ್ಕೆ ಅನರ್ಹತೆಯ ಪಟ್ಟಿಗೆ ಸೇರಿಸಿತು. ಇಂಥವರನ್ನು ಶತ್ರು ದೇಶ ಬ್ಲ್ಯಾಕ್‌ಮೇಲ್ ಮಾಡಬಹುದು ಎಂಬುದು ಸರ್ಕಾರದ ವಾದ. ವಿಪರ್ಯಾಸ ನೋಡಿ, ಗುಟ್ಟು ಬಯಲಾದರೆ ಕೆಲಸ ಹೋಗುತ್ತದೆ ಎಂಬ ನಿಯಮ ಮಾಡಿದ್ದರಿಂದಲೇ ಬ್ಲ್ಯಾಕ್‌ಮೇಲ್‌ಗೆ ಬೆಲೆ ಬಂದಿದ್ದು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾಮಿಕ್ 1953ನ್ನೇ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ.

ಒಂದು ಸ್ವಾತಂತ್ರ್ಯವನ್ನು ಮಾತ್ರ ರಸೆಲ್ ತೆಗೆದುಕೊಂಡಿದ್ದಾರೆ. ಕಥೆಯ ಬಾರ್‌ನ ಹೆಸರು ಸ್ಟೋನ್‌ವಾಲ್. ಅದು ಸಲಿಂಗಿಗಳ ಬಾರ್ ಆಗಿದ್ದು 1967ರಲ್ಲಿ. ಪೊಲೀಸ್ ದಾಳಿ ವಿರುದ್ಧ ಅಲ್ಲಿ ಜನ ಸಿಡಿದೆದ್ದಿದ್ದು 1969ರ ಜೂನ್‌ನಲ್ಲಿ. ಇತಿಹಾಸದ ಪರೀಕ್ಷೆಗೆ ಕಾಮಿಕ್ ಓದಿಕೊಂಡು ಹೋಗಬೇಡಿ!

ಕಾರ್ಟೂನ್ ಲೋಕವೂ ಹೊರತಾಗಿರಲಿಲ್ಲ

ಪ್ರಾಣಿಗಳ ಕಾರ್ಟೂನ್‌ಗೂ ಈ ಬೇಟೆಗೂ ನೇರ ನಂಟಿದೆ. 1947ರ ಅಕ್ಟೋಬರ್ 24ರಂದು ಇದೇ ಸಮಿತಿ ಎದುರು ಸ್ವಇಚ್ಛೆಯಿಂದ ಸಾಕ್ಷಿ ಹೇಳಿದವರು ಯಾರು ಗೊತ್ತೇ? ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿ. 1941ರಲ್ಲಿ ಅವರ ಸ್ಟುಡಿಯೋದ ಚಿತ್ರಕಾರರು ಸಂಘ ಕಟ್ಟಿಕೊಂಡು ಮುಷ್ಕರ ಮಾಡಿದ್ದರು. ಅದರ ಹಿಂದೆ ಕಮ್ಯುನಿಸ್ಟರಿದ್ದರು ಎಂದ ಡಿಸ್ನಿ, ತಮ್ಮ ಹಳೆಯ ಚಿತ್ರಕಾರ ಡೇವಿಡ್ ಹಿಲ್ಬರ್‌ಮನ್ ಹೆಸರು ಹೇಳಿದರು. ಕೊಟ್ಟ ಕಾರಣಗಳು: ಆತನಿಗೆ ಧರ್ಮ ಇರಲಿಲ್ಲ, ಮಾಸ್ಕೋದ ಆರ್ಟ್ ಥಿಯೇಟರ್‌ನಲ್ಲಿ ಸ್ವಲ್ಪ ಕಾಲ ಕಲಿತಿದ್ದ. ಇಷ್ಟೇ.

ಕಾಮಿಕ್ ಪುಸ್ತಕಗಳ ಸರದಿ ಬಂದಿದ್ದು 1954ರಲ್ಲಿ. ಮಕ್ಕಳು ಕೆಡುತ್ತಿರುವುದಕ್ಕೆ ಕಾಮಿಕ್ಸೇ ಕಾರಣ ಎಂಬ ಗದ್ದಲ ಎದ್ದು ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಬಹುತೇಕ ಅಂಗಡಿಗಳು ಇಡುತ್ತಿರಲಿಲ್ಲ. ಸಲಿಂಗಿ ಪಾತ್ರಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಡಿಸಿ ಕಾಮಿಕ್ಸ್ ಆ ಮುದ್ರೆಯನ್ನು ಪೂರ್ತಿ ಕೈಬಿಟ್ಟಿದ್ದು 2011ರಲ್ಲಿ. ಅದಾಗಿ ಏಳು ವರ್ಷಕ್ಕೆ ಅದೇ ಕಂಪನಿಯಿಂದ ಸ್ನ್ಯಾಗಲ್‌ಪುಸ್ ಬಂತು.

ಪ್ರಾಣಿಗಳೇ ಯಾಕೆ?

ಕನ್ನಡದವರಿಗೆ ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಚಾಲುಕ್ಯ ದೊರೆ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಪಂಚತಂತ್ರದ ಸಿಂಹ ಮತ್ತು ಎತ್ತಿನ ಕಥೆ ನೆನಪಿದೆಯೇ? ಕಾಡಿನ ರಾಜನಿಗೆ ಎತ್ತಿನ ಮೇಲೆ ಪ್ರೀತಿ. ನರಿ ದಮನಕ ಸಿಂಹದ ಬಳಿ ಹೋಗಿ 'ಎತ್ತು ನಿನ್ನ ಗದ್ದುಗೆಗೆ ಕಣ್ಣು ಹಾಕಿದೆ' ಎನ್ನುತ್ತದೆ, ಎತ್ತಿನ ಬಳಿ ಹೋಗಿ 'ಸಿಂಹ ನಿನ್ನನ್ನು ತಿನ್ನಲಿದೆ' ಎನ್ನುತ್ತದೆ. ಇಬ್ಬರಿಗೂ ಪುರಾವೆ ಸಿಗುವುದಿಲ್ಲ, ಅನುಮಾನ ಮಾತ್ರ ಬೆಳೆಯುತ್ತದೆ. ಕೊನೆಗೆ ನಿರಪರಾಧಿ ಎತ್ತು ಸಾಯುತ್ತದೆ. ಚಾಡಿ, ಶಂಕೆ, ಹೆದರಿದ ಅಧಿಕಾರ: 1953ರ ವಾಷಿಂಗ್ಟನ್‌ನಲ್ಲಿ ಇದ್ದದ್ದೂ ಇವೇ ಮೂರು. ರಾಜನ ಆಸ್ಥಾನದಲ್ಲಿದ್ದ ಮನುಷ್ಯ ರಾಜನ ಬಗ್ಗೆ ಹೇಳುವುದನ್ನು ಸಿಂಹದ ಬಾಯಲ್ಲಿ ಹೇಳಿಸಿದರೆ ತಲೆ ಉಳಿಯುತ್ತದೆ ಎಂಬ ಲೆಕ್ಕಾಚಾರವೂ ಇದ್ದಿರಬೇಕು.

ಆಧುನಿಕ ಕಾಮಿಕ್ಸ್‌ನಲ್ಲಿ ಈ ದಾರಿಯ ದೊಡ್ಡ ಹೆಸರು ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'. ನಾಜಿ ಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯಲ್ಲಿ ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು. ನಾಜಿಗಳು ಯಹೂದಿಗಳನ್ನು ಕ್ರಿಮಿಕೀಟಕ್ಕೆ, ಇಲಿಗೆ ಹೋಲಿಸುತ್ತಿದ್ದರು. ಅದೇ ಬೈಗುಳವನ್ನು ಸ್ಪೀಗಲ್‌ಮನ್ ಅವರ ಮುಖಕ್ಕೇ ತಿರುಗಿಸಿ ಹಿಡಿದರು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಮೂವತ್ತು ವರ್ಷಗಳ ಬಳಿಕ, 2022ರ ಜನವರಿಯಲ್ಲಿ, ಅಮೆರಿಕದ ಟೆನ್ನೆಸ್ಸಿಯ ಮೆಕ್‌ಮಿನ್ ಕೌಂಟಿ ಶಾಲಾ ಮಂಡಳಿ ಬೈಗುಳ ಮತ್ತು ನಗ್ನತೆಯ ಕಾರಣ ಕೊಟ್ಟು ಅದನ್ನು ಪಠ್ಯದಿಂದ ತೆಗೆಯಿತು. ನಗ್ನತೆ ಎಂದರೆ ಇಲಿಗಳದ್ದೂ ಸೇರಿ ಕೆಲವು ಪುಟ್ಟ ಚಿತ್ರಗಳು.

ಭಾರತದಲ್ಲೂ ಉದಾಹರಣೆ ಇದೆ. ಶ್ರೀನಗರದ ಮಲಿಕ್ ಸಜಾದ್ ಹದಿಹರೆಯದಲ್ಲೇ ಪತ್ರಿಕೆಗೆ ವ್ಯಂಗ್ಯಚಿತ್ರ ಬಿಡಿಸಲು ಶುರು ಮಾಡಿದವರು. 2015ರಲ್ಲಿ ಬಂದ ಅವರ 'ಮುನ್ನು: ಎ ಬಾಯ್ ಫ್ರಮ್ ಕಾಶ್ಮೀರ್' ಕಾದಂಬರಿಯಲ್ಲಿ ಕಾಶ್ಮೀರಿಗಳೆಲ್ಲ ಹಂಗುಲ್ ಜಿಂಕೆಗಳು, ಉಳಿದವರು ಮನುಷ್ಯರು. ಹಂಗುಲ್ ಅಳಿವಿನಂಚಿನಲ್ಲಿರುವ ಪ್ರಾಣಿ, ದಾಚೀಗಾಮ್ ಕಾಡಿನ ಸುತ್ತ ಕೆಲವೇ ನೂರು ಉಳಿದಿವೆ. ಗುರುತಿನ ಚೀಟಿ ತಪಾಸಣೆ, ಕರ್ಫ್ಯೂ, ನೆರೆಮನೆಯ ಸಾವು ಎಲ್ಲವನ್ನೂ ಒಬ್ಬ ಹುಡುಗನ ಕಣ್ಣಿಂದ ಹೇಳುತ್ತದೆ. ಪುಸ್ತಕದ ರಾಜಕೀಯದ ಜೊತೆ ಜಗಳ ಇರುವವರು ಇರಬಹುದು. ಆದರೆ ಕೊಂಬು ಇಟ್ಟುಕೊಂಡ ಮಗು ಶಾಲೆಗೆ ಹೋಗುವ ಚಿತ್ರ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ಒಂದು ಜನಾಂಗವನ್ನೇ ಒಂದು ಪ್ರಾಣಿ ಮಾಡಿದರೆ ಆ ಜನರೊಳಗಿನ ವ್ಯತ್ಯಾಸ ಅಳಿಸಿಹೋಗುತ್ತದೆ. 'ಮೌಸ್'ನಲ್ಲಿ ಪೋಲೆಂಡ್‌ನವರನ್ನು ಹಂದಿ ಮಾಡಿದ್ದಕ್ಕೆ ಅಲ್ಲಿ ದೊಡ್ಡ ಆಕ್ಷೇಪ ಬಂತು. ಸ್ನ್ಯಾಗಲ್‌ಪುಸ್ ಸರಣಿ ಇದರಿಂದ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಪ್ರಾಣಿ ಎನ್ನುವುದು ಜಾತಿಯೂ ಅಲ್ಲ, ಪಕ್ಷವೂ ಅಲ್ಲ. ಬೇಟೆಯಾಡುವವರಲ್ಲಿ ಮನುಷ್ಯರಿದ್ದಾರೆ, ಬೇಟೆಗೆ ಸಿಕ್ಕವರಲ್ಲೂ ಇದ್ದಾರೆ.

ನಮ್ಮಲ್ಲಿ ಹೀಗೆ ಆಗಿದೆಯೇ?

ದೇಶದ್ರೋಹ ಎಂಬ ಪದ ಟಿವಿ ಚರ್ಚೆಗಳಲ್ಲಿ ದಿನನಿತ್ಯದ ಮಾತಾಗಿದ್ದು 2016ರ ಫೆಬ್ರವರಿಯಲ್ಲಿ. ಜೆಎನ್‌ಯು ವಿದ್ಯಾರ್ಥಿಗಳ ಮೇಲಿನ ಆ ಎಫ್‌ಐಆರ್ ದಾಖಲಾಗಿದ್ದು ಇಲ್ಲಿನ ವಸಂತ್ ಕುಂಜ್ ನಾರ್ತ್ ಪೊಲೀಸ್ ಠಾಣೆಯಲ್ಲಿ. ಆದರೆ ಕಲಾವಿದರ ಮೇಲೆ ಇಂಥ ಕಾನೂನು ಬೀಸಿದ್ದು ಅದಕ್ಕೂ ಮೊದಲೇ.

ಕಾರ್ಟೂನ್ ಪ್ರಾಣಿಗಳಿಗೆ ಅತಿ ಹತ್ತಿರದ ಪ್ರಕರಣ ಅಸೀಮ್ ತ್ರಿವೇದಿ ಅವರದ್ದು. ಭ್ರಷ್ಟಾಚಾರ ವಿರೋಧಿ ಹೋರಾಟದ ದಿನಗಳಲ್ಲಿ ಈ ವ್ಯಂಗ್ಯಚಿತ್ರಕಾರ ರಾಷ್ಟ್ರಲಾಂಛನವನ್ನು ಬದಲಿಸಿ ಬಿಡಿಸಿದರು. ಸಾರನಾಥದ ಸಿಂಹಗಳ ಜಾಗದಲ್ಲಿ ರಕ್ತ ಸುರಿಸುವ ತೋಳಗಳು, 'ಸತ್ಯಮೇವ ಜಯತೇ' ಜಾಗದಲ್ಲಿ 'ಭ್ರಷ್ಟಮೇವ ಜಯತೇ'. 2012ರ ಸೆಪ್ಟೆಂಬರ್‌ನಲ್ಲಿ ಮುಂಬೈ ಪೊಲೀಸರು ದೇಶದ್ರೋಹದ 124ಎ ಸೆಕ್ಷನ್ ಅಡಿ ಬಂಧಿಸಿದರು. ಆ ಸೆಕ್ಷನ್ ಕೈಬಿಡುವವರೆಗೆ ಜಾಮೀನು ಕೇಳುವುದಿಲ್ಲ ಎಂದು ತ್ರಿವೇದಿ ಹಠ ಹಿಡಿದರು. ಬೇರೊಬ್ಬ ವಕೀಲರ ಅರ್ಜಿ ಮೇಲೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿತು, ಮುಂದಿನ ತಿಂಗಳು ಸರ್ಕಾರ ದೇಶದ್ರೋಹದ ಆರೋಪ ಹಿಂಪಡೆಯಿತು. 2015ರ ಮಾರ್ಚ್‌ನಲ್ಲಿ ಹೈಕೋರ್ಟ್, ಕಾನೂನು ಅಧಿಕಾರಿಯ ಲಿಖಿತ ಅಭಿಪ್ರಾಯವಿಲ್ಲದೆ ಈ ಸೆಕ್ಷನ್ ಹಾಕುವಂತಿಲ್ಲ ಎಂಬ ಮಾರ್ಗಸೂಚಿಯನ್ನು ದಾಖಲಿಸಿತು. ಸಿಂಹ ತೋಳವಾದದ್ದಕ್ಕೆ ಒಬ್ಬ ಮನುಷ್ಯ ಜೈಲಿಗೆ ಹೋಗಿ ಬರಬೇಕಾಯಿತು.

ಕರ್ನಾಟಕದ ಕಥೆ ಇನ್ನೂ ಹಳೆಯದು, ಹೆಚ್ಚು ನೋವಿನದು. 'ಸಂಸ್ಕಾರ' ಚಿತ್ರದ ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಬರೋಡಾ ಡೈನಮೈಟ್ ಪ್ರಕರಣದ ಜೊತೆ ನಂಟಿದೆ ಎಂಬ ಶಂಕೆ. ಆರೋಪ ಸಾಬೀತಾಗಲೇ ಇಲ್ಲ. ಜೋರಾದ ಅಸ್ತಮಾ ಇತ್ತು, ತಕ್ಕ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, ಜನವರಿ 20ರಂದು ತೀರಿಕೊಂಡರು. ಇತ್ತ ದೆಹಲಿಯಲ್ಲಿ 1948ರಿಂದ ನಡೆದಿದ್ದ ವ್ಯಂಗ್ಯಚಿತ್ರ ಪತ್ರಿಕೆ 'ಶಂಕರ್ಸ್ ವೀಕ್ಲಿ' 1975ರ ಆಗಸ್ಟ್‌ನಲ್ಲೇ ಬಾಗಿಲು ಮುಚ್ಚಿತ್ತು. ಆ ದಿನಗಳ ದೆಹಲಿಯನ್ನು ವಿಶ್ವಜ್ಯೋತಿ ಘೋಷ್ 2010ರಲ್ಲಿ 'ಡೆಲ್ಲಿ ಕಾಮ್' ಎಂಬ ಚಿತ್ರಕಾದಂಬರಿ ಮಾಡಿದರು. ಅಲ್ಲಿ ಪ್ರಾಣಿಗಳಿಲ್ಲ, ನಗುವ ಮುಖವಾಡ ಹಾಕಿಕೊಂಡವರಿದ್ದಾರೆ.

ಇನ್ನೊಂದು ಈಚಿನದು. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ನಾಟಕದ ಮಾತು ಬರೆದವರು ಯಾರು, ಹೇಳಿಕೊಟ್ಟವರು ಯಾರು ಎಂದು ಪೊಲೀಸರು ಮಕ್ಕಳನ್ನು ದಿನಗಟ್ಟಲೆ ವಿಚಾರಿಸಿದರು. 'ಹೆಸರು ಹೇಳು' ಎಂಬ ಪ್ರಶ್ನೆ ಈ ಬಾರಿ ಪ್ರಾಥಮಿಕ ಶಾಲೆಗೆ ಬಂದಿತ್ತು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಕಲಬುರಗಿ ಪೀಠ ಪ್ರಕರಣ ರದ್ದು ಮಾಡಿತು. ಸರ್ಕಾರದ ನೀತಿ ಟೀಕಿಸುವುದರಿಂದ ಮಕ್ಕಳನ್ನು ದೂರ ಇಡಿ ಎಂದು ಶಾಲೆಗೆ ಕಿವಿಮಾತನ್ನೂ ಹೇಳಿತು.

ಕಾನೂನು ಈಗ ಎಲ್ಲಿ ನಿಂತಿದೆ? 2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಸೆಕ್ಷನ್ ಬಳಕೆಗೆ ತಡೆ ಹಾಕಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಅದರ 152ನೇ ಸೆಕ್ಷನ್ ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಗಳನ್ನು ಶಿಕ್ಷಿಸುತ್ತದೆ. 'ದೇಶದ್ರೋಹ' ಎಂಬ ಹಳೆಯ ಇಂಗ್ಲಿಷ್ ಕಾನೂನು ಪದ ಹೋಯಿತು, ಅದರ ಕೆಲಸ ಹೋಗಿದೆಯೇ ಎಂಬ ವಾದ ನ್ಯಾಯಾಲಯಗಳಲ್ಲಿ ನಡೆಯುತ್ತಿದೆ. ಇನ್ನು ಸಲಿಂಗಿಗಳ ವಿಷಯ. ಸ್ನ್ಯಾಗಲ್‌ಪುಸ್‌ನ ಕೊನೆಯ ಸಂಚಿಕೆ ಬಂದ ಮೂರು ತಿಂಗಳಿಗೆ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರ್ಜಿದಾರರಲ್ಲಿ ಮೊದಲ ಹೆಸರು ನವತೇಜ್ ಸಿಂಗ್ ಜೋಹರ್ ಅವರದ್ದು. ಅವರೂ ರಂಗದ ಮೇಲಿನ ಕಲಾವಿದರೇ, ದೆಹಲಿಯ ಭರತನಾಟ್ಯ ನೃತ್ಯಗಾರ.

ಓದಬೇಕು ಎನ್ನುವವರಿಗೆ

ಆರೂ ಸಂಚಿಕೆಗಳು ಸೇರಿದ ಇಂಗ್ಲಿಷ್ ಸಂಪುಟ ಲಭ್ಯವಿದೆ. ಗುಲಾಬಿ ಸಿಂಹದ ಮುಖಪುಟ ನೋಡಿ ಮಕ್ಕಳ ಪುಸ್ತಕ ಎಂದುಕೊಂಡು ಪುಟ್ಟವರ ಕೈಗೆ ಕೊಡಬೇಡಿ, ಆತ್ಮಹತ್ಯೆಯ ಪ್ರಸಂಗವಿದೆ. ಮೂಲ ಕಾರ್ಟೂನ್ ನೋಡಿಲ್ಲದಿದ್ದರೂ ಕಥೆ ಅರ್ಥವಾಗುತ್ತದೆ. ಆದರೆ ಮೊದಲು ಕ್ವಿಕ್ ಡ್ರಾ ಮೆಗ್ರಾನ ಒಂದೆರಡು ಹಳೆಯ ಕಂತು ನೋಡಿ, ನಕ್ಕು, ಆಮೇಲೆ ಪುಸ್ತಕ ಹಿಡಿದರೆ ಬಾರ್ ದಾಳಿಯ ಪುಟ ಬೇರೆಯೇ ರೀತಿ ತಟ್ಟುತ್ತದೆ.